ಉರುಹೊಡೆದ ಪದ, ಅರಿತ ಪದ

ಪರೀಕ್ಷೆಗಳು ಸಮೀಪಿಸಿದಾಗ ಯಾವುದಾದರೊಂದು ವಿದ್ಯಾರ್ಥಿನಿಲಯದ ಬಳಿ ಸಂಜೆಯ ಹೊತ್ತು ಹಾದುಹೋದವರಿಗೆ ಒಂದು ದೃಶ್ಯ ಪರಿಚಿತವಾಗಿರುವುದು. ಪುಸ್ತಕವನ್ನು ಎದೆಗೊತ್ತಿಕೊಂಡು, ದೃಷ್ಟಿಯನ್ನು ಆಕಾಶದಲ್ಲಿ ನೆಟ್ಟು, ಹುಡುಗರು ಅತ್ತಿಂದಿತ್ತ ತಿರುಗಾಡುತ್ತ ಒಂದೇ ವಾಕ್ಯವನ್ನು ಹತ್ತು, ಇಪ್ಪತ್ತು, ನಲವತ್ತು ಸಲ ತಮ್ಮಷ್ಟಕ್ಕೆ ಹೇಳಿಕೊಳ್ಳುತ್ತಿರುತ್ತಾರೆ. ಇಂಥ ಒಂದು ಸಂಜೆ ನಾವು ನಮ್ಮ ತರಗತಿಯ ಹುಡುಗನೊಬ್ಬನನ್ನು ನಿಲ್ಲಿಸಿ, ಏನು ಓದುತ್ತಿದ್ದೀಯಪ್ಪ ಎಂದು ವಿಚಾರಿಸಿದೆವು. "ಜಡತ್ವ, ಸಾರ್" ಎಂದ. ಹೇಳು ನೋಡೋಣ ಎಂದಾಗ ವ್ಯಾಖ್ಯೆಯನ್ನು ಒಂದಕ್ಷರವೂ ಬಿಡದೆ ಒಪ್ಪಿಸಿದ. "ಹಾಗಾದರೆ ಓಡುತ್ತಿರುವ ಬಸ್ಸು ತಟಕ್ಕನೆ ನಿಂತಾಗ ನಾವೇಕೆ ಮುಂದಕ್ಕೆ ಮುಗ್ಗರಿಸುತ್ತೇವೆ?" ಎಂದು ಕೇಳಿದೆವು. ಹುಡುಗ ಕೊಂಚ ಹೊತ್ತು ಯೋಚಿಸಿ, "ಅದು ನೋಟ್ಸಿನಲ್ಲಿ ಇಲ್ಲ, ಸಾರ್" ಎಂದ. ಮೂರು ವಾರಗಳ ಮೇಲೆ ನಡೆದ ಕಿರುಪರೀಕ್ಷೆಯಲ್ಲಿ ಅವನ ಉತ್ತರಪತ್ರಿಕೆಯನ್ನು ನೋಡಿದಾಗ ಆ ವ್ಯಾಖ್ಯೆಯೂ ಅರ್ಧಕ್ಕೆ ನಿಂತಿತ್ತು.

ಆ ಹುಡುಗ ಸೋಮಾರಿಯಾಗಿದ್ದರೆ ನಾವು ಈ ಲೇಖನವನ್ನು ಬರೆಯುತ್ತಿರಲಿಲ್ಲ. ತರಗತಿಯಲ್ಲಿ ಎಲ್ಲರಿಗಿಂತ ಹೆಚ್ಚು ಹೊತ್ತು ಓದುವವನು ಅವನೇ. ಅಷ್ಟು ಶ್ರಮ ಎಲ್ಲಿಗೆ ಹೋಯಿತು? ಭೌತವಿಜ್ಞಾನದ ಅಧ್ಯಾಪಕರಾದ ನಮಗೆ ವ್ಯಯವಾದ ಶಕ್ತಿಯ ಲೆಕ್ಕ ಸಿಕ್ಕದಿದ್ದರೆ ನೆಮ್ಮದಿಯಿರುವುದಿಲ್ಲ. ಆದುದರಿಂದ ನಮ್ಮ ಕ್ಷೇತ್ರವಲ್ಲದಿದ್ದರೂ ಮನಶ್ಶಾಸ್ತ್ರಜ್ಞರು ಈ ವಿಷಯದಲ್ಲಿ ನಡೆಸಿರುವ ಪ್ರಯೋಗಗಳನ್ನು ಓದಲು ತೊಡಗಿದೆವು. ಓದಿದ ಮೇಲೆ ನಮ್ಮ ಕೋಪ ಆ ಹುಡುಗನ ಮೇಲಿಂದ ಬೇರೆಡೆಗೆ ತಿರುಗಿತು.

ಸ್ಮರಣಶಕ್ತಿಯನ್ನು ಅಳತೆಗೆ ತಂದ ಮೊದಲಿಗರಲ್ಲಿ ಮುಖ್ಯನಾದವನು ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್. ಅವನ ಗ್ರಂಥ ಪ್ರಕಟವಾದುದು ೧೮೮೫ರಲ್ಲಿ. ಪ್ರಯೋಗ ಮಾಡಿದವನೂ ಅವನೇ, ಪ್ರಯೋಗಕ್ಕೆ ಒಳಗಾದವನೂ ಅವನೇ. ಎರಡು ವ್ಯಂಜನಗಳ ನಡುವೆ ಒಂದು ಸ್ವರವನ್ನಿಟ್ಟು ಎರಡು ಸಾವಿರಕ್ಕೂ ಮಿಕ್ಕಿ ಅರ್ಥಹೀನ ಉಚ್ಚಾರಗಳನ್ನು ಕಟ್ಟಿಕೊಂಡು, ಅವುಗಳ ಸಾಲುಗಳನ್ನು ಎಷ್ಟು ಸಲ ಓದಿದರೆ ಬಾಯಿಗೆ ಬರುವುವು, ಎಷ್ಟು ದಿನಕ್ಕೆ ಮರೆತುಹೋಗುವುವು ಎಂದು ವರ್ಷಗಟ್ಟಲೆ ಲೆಕ್ಕವಿಟ್ಟನು. ಅರ್ಥವಿದ್ದ ಪದಗಳನ್ನು ತೆಗೆದುಕೊಂಡರೆ ಒಂದು ಸುಲಭ, ಒಂದು ಕಠಿಣವಾಗಿ ಲೆಕ್ಕ ಕೆಡುವುದೆಂದು ಅವನು ಅರ್ಥವನ್ನೇ ಕಿತ್ತೊಗೆದನು. ಇಳಿಜಾರು ಹಲಗೆಯ ಮೇಲೆ ಗುಂಡನ್ನು ಉರುಳಿಸುವವನು ಹಲಗೆಯನ್ನು ನಯಗೊಳಿಸಿ ಘರ್ಷಣೆಯನ್ನು ತಗ್ಗಿಸುವಂತೆ ಇದು ಒಂದು ಉಪಾಯ. ಆ ತಾಳ್ಮೆಗೆ ನಾವು ತಲೆದೂಗಲೇಬೇಕು. ಆದರೆ ಅರ್ಥವು ಘರ್ಷಣೆಯಂತೆ ಒಂದು ತೊಡಕು ಮಾತ್ರವಾಗಿರಲಿಲ್ಲ. ಮನುಷ್ಯನ ನೆನಪಿನಲ್ಲಿ ಬಹುಭಾಗ ಕೆಲಸ ಮಾಡುವುದೇ ಅದು. ಅದನ್ನು ತೆಗೆದ ಮೇಲೆ ಉಳಿಯುವುದು ಆವೃತ್ತಿಯೊಂದೇ. ನಮ್ಮ ವಿದ್ಯಾರ್ಥಿಗಳು ಎಬ್ಬಿಂಗ್‌ಹೌಸನ ಹೆಸರನ್ನು ಕೇಳಿಲ್ಲದಿರಬಹುದು, ಆದರೆ ಅರ್ಥವಿರುವ ಪಾಠಗಳನ್ನೂ ಅವನ ಅರ್ಥಹೀನ ಉಚ್ಚಾರಗಳಂತೆಯೇ ಓದುತ್ತಿದ್ದಾರೆ.

೧೯೬೯ರಲ್ಲಿ ಹೈಡ್ ಮತ್ತು ಜೆಂಕಿನ್ಸ್ ಎಂಬ ಅಮೆರಿಕದ ಸಂಶೋಧಕರು ಒಂದು ಸರಳವಾದ ಪ್ರಯೋಗವನ್ನು ಪ್ರಕಟಿಸಿದರು. ಒಂದೇ ಪದಗಳ ಪಟ್ಟಿಯನ್ನು ಬೇರೆ ಬೇರೆ ಗುಂಪುಗಳಿಗೆ ಕೇಳಿಸಿದರು. ಒಂದು ಗುಂಪಿನವರು ಪ್ರತಿಯೊಂದು ಪದದಲ್ಲಿಯೂ 'ಇ' ಅಕ್ಷರವಿದೆಯೆ ಎಂದು ನೋಡಬೇಕು, ಇನ್ನೊಂದು ಗುಂಪಿನವರು ಆ ಪದ ಹಿತವೋ ಅಹಿತವೋ ಎಂದು ತೀರ್ಮಾನಿಸಬೇಕು, ಮತ್ತೊಂದು ಗುಂಪಿಗೆ ಪದಗಳನ್ನು ನೆನಪಿಟ್ಟುಕೊಳ್ಳಿರೆಂದು ಮಾತ್ರ ಅಪ್ಪಣೆ. ಕೊನೆಗೆ ಎಲ್ಲರಿಗೂ ನೆನಪಿರುವ ಪದಗಳನ್ನು ಬರೆಯಹೇಳಿದಾಗ, ಅಕ್ಷರ ಹುಡುಕಿದವರು ಬಹಳ ಹಿಂದೆ ಬಿದ್ದರು. ಹಿತಾಹಿತ ಯೋಚಿಸಿದವರಾದರೋ, ನೆನಪಿಡುವ ಉದ್ದೇಶ ತಮಗೆ ಇಲ್ಲದಿದ್ದರೂ, ಆ ಉದ್ದೇಶದಿಂದಲೇ ಕುಳಿತವರಿಗೆ ಸಮಸಮವಾಗಿ ನಿಂತರು. ನೆನಪಿಡಬೇಕೆಂಬ ಸಂಕಲ್ಪವೊಂದೇ ನೆನಪನ್ನು ಕೊಡುವುದಿಲ್ಲವೆಂದಾಯಿತು. ನಾಳೆ ಪರೀಕ್ಷೆಯೆಂದು ಹಲ್ಲುಕಚ್ಚಿ ಕುಳಿತುಕೊಳ್ಳುವವರು ಇದನ್ನು ಒಂದು ಕ್ಷಣ ಆಲೋಚಿಸಬೇಕು.

ಇಂಥ ಫಲಿತಾಂಶಗಳಿಗೆಲ್ಲ ಒಂದು ಚೌಕಟ್ಟನ್ನು ೧೯೭೨ರಲ್ಲಿ ಕೆನಡಾ ದೇಶದ ಟೊರಾಂಟೊ ವಿಶ್ವವಿದ್ಯಾನಿಲಯದ ಫರ್ಗಸ್ ಕ್ರೇಕ್ ಮತ್ತು ರಾಬರ್ಟ್ ಲಾಕ್‌ಹಾರ್ಟ್ ಕೊಟ್ಟರು. ಅವರ ಅಭಿಪ್ರಾಯದ ತಿರುಳು ಇಷ್ಟು. ಒಂದು ಪದ ಕಣ್ಣಿಗೆ ಬಿದ್ದಾಗ ಮನಸ್ಸು ಅದರ ಮೇಲೆ ಹಲವು ಬಗೆಯ ಕೆಲಸ ನಡೆಸಬಲ್ಲದು. ಅಕ್ಷರದ ಆಕಾರವನ್ನಷ್ಟೇ ಗಮನಿಸುವುದು ಮೇಲ್ಪದರದ ಕೆಲಸ. ಪದದ ಸದ್ದನ್ನು ಕಿವಿಗೆ ತಂದುಕೊಳ್ಳುವುದು ಅದಕ್ಕಿಂತ ಒಂದು ಮೆಟ್ಟಲು ಕೆಳಗೆ. ಅರ್ಥವನ್ನು ಹಿಡಿದು, ಮೊದಲೇ ತಿಳಿದಿರುವ ಸಂಗತಿಗಳೊಡನೆ ಅದನ್ನು ಜೋಡಿಸುವುದು ಇನ್ನೂ ಆಳದ ಕೆಲಸ. ನೆನಪೆಂಬುದು ಒಂದು ಉಗ್ರಾಣವಲ್ಲ, ಈ ಕೆಲಸದ ಉಪೋತ್ಪನ್ನ. ಕೆಲಸ ಆಳವಾದಷ್ಟೂ ಉಳಿಯುವ ಗುರುತು ಗಟ್ಟಿ.

ಮೂರು ವರ್ಷಗಳ ಮೇಲೆ, ೧೯೭೫ರಲ್ಲಿ, ಕ್ರೇಕ್ ಮತ್ತು ಅವರ ಸಹೋದ್ಯೋಗಿ ಎಂಡಲ್ ಟಲ್ವಿಂಗ್ ಹತ್ತು ಪ್ರಯೋಗಗಳ ಒಂದು ಮಾಲೆಯನ್ನು ಪ್ರಕಟಿಸಿದರು. ಅವುಗಳ ರಚನೆ ಎಷ್ಟು ಅಚ್ಚುಕಟ್ಟಾಗಿದೆಯೆಂದರೆ ಭೌತವಿಜ್ಞಾನದ ಪ್ರಯೋಗಶಾಲೆಯಲ್ಲಿ ಬೆಳೆದವರಿಗೂ ಮೆಚ್ಚಿಗೆಯಾಗುವುದು. ಇದು ಗ್ರಹಿಕೆಯ ವೇಗವನ್ನು ಅಳೆಯುವ ಪ್ರಯೋಗವೆಂದು ಭಾಗವಹಿಸಿದವರಿಗೆ ತಿಳಿಸಲಾಗಿತ್ತು. ಮೊದಲು ಒಂದು ಪ್ರಶ್ನೆ, ಅನಂತರ ಸೆಕೆಂಡಿನ ಐದನೆಯ ಒಂದು ಭಾಗದಷ್ಟು ಕಾಲ ಮಿಂಚಿ ಮರೆಯಾಗುವ ಒಂದು ಪದ, ಅದಕ್ಕೆ ಹೌದು ಅಥವಾ ಅಲ್ಲ ಎಂಬ ಉತ್ತರ. ಪ್ರಶ್ನೆಗಳು ಮೂರು ಬಗೆ: ಪದವು ಇಂಗ್ಲಿಷಿನ ದೊಡ್ಡಕ್ಷರಗಳಲ್ಲಿದೆಯೆ? ಇಂಥ ಪದದೊಡನೆ ಪ್ರಾಸವಾಗುವುದೆ? ಇದೊಂದು ಬಗೆಯ ಮೀನೆ, ಅಥವಾ ಈ ವಾಕ್ಯದ ಬಿಟ್ಟಸ್ಥಳದಲ್ಲಿ ಹೊಂದುವುದೆ? ಎಲ್ಲ ಮುಗಿದ ಮೇಲೆ, ಯಾರೂ ಎದುರುನೋಡದಿದ್ದಾಗ, ಹೊಸ ಪದಗಳ ನಡುವೆ ಹಳೆಯವನ್ನು ಬೆರಸಿ ಕೊಟ್ಟು, ಮೊದಲು ಕಂಡಿದ್ದ ಪದಗಳನ್ನು ಗುರುತಿಸಿರೆಂದರು. ಅಕ್ಷರಗಳ ಆಕಾರವನ್ನು ಕುರಿತ ಪ್ರಶ್ನೆಗೆ ಗುರಿಯಾಗಿದ್ದ ಪದಗಳಲ್ಲಿ ನೂರಕ್ಕೆ ಇಪ್ಪತ್ತನ್ನೂ ಗುರುತಿಸಲಾಗಲಿಲ್ಲ. ಪ್ರಾಸದ ಪ್ರಶ್ನೆಯ ಪದಗಳು ನಡುವೆ ನಿಂತವು. ವಾಕ್ಯದಲ್ಲಿ ಹೊಂದುವುದೆಂಬ ಉತ್ತರ ಪಡೆದಿದ್ದ ಪದಗಳಲ್ಲಿ ನೂರಕ್ಕೆ ೯೬ನ್ನು ಗುರುತಿಸಿದ್ದರು. ನೋಡಿದ ಕಾಲ ಒಂದೇ, ನೋಡಿದವರೂ ಅವರೇ. ವ್ಯತ್ಯಾಸವೆಂದರೆ ಪದ ಕಂಡ ಗಳಿಗೆಯಲ್ಲಿ ಮನಸ್ಸು ಅದನ್ನು ಏನು ಮಾಡಿತೆಂಬುದಷ್ಟೆ.

ಇಲ್ಲಿ ಜಾಣ ವಾಚಕರೊಬ್ಬರು ಆಕ್ಷೇಪವೆತ್ತಬಹುದು. ಅರ್ಥದ ಪ್ರಶ್ನೆಗೆ ಉತ್ತರಿಸಲು ಹೆಚ್ಚು ಹೊತ್ತು ಬೇಕು. ಆ ಹೆಚ್ಚಿನ ಹೊತ್ತೇ ನೆನಪಿಗೆ ಕಾರಣವಾಗಿರಬಾರದೇಕೆ? ಈ ಅನುಮಾನ ಪ್ರಯೋಗಕರ್ತರಿಗೂ ಬಂದಿತ್ತು. ಪದದಲ್ಲಿ ಸ್ವರವ್ಯಂಜನಗಳು ಯಾವ ಕ್ರಮದಲ್ಲಿ ಬಂದಿವೆಯೆಂದು ತಾಳೆನೋಡುವ ಕೆಲಸವನ್ನು ಅವರು ಒಂದು ಪ್ರಯೋಗದಲ್ಲಿ ಕೊಟ್ಟರು. ಅದು ತಲೆನೋವಿನ ಕೆಲಸ. ವಾಕ್ಯದ ಪ್ರಶ್ನೆಗಿಂತ ಇದಕ್ಕೇ ಹೆಚ್ಚು ಹೊತ್ತು ಹಿಡಿಯಿತು. ಆದರೂ ನೆನಪಿನಲ್ಲಿ ಮೇಲಾದುದು ವಾಕ್ಯದ ಪದಗಳೇ. ಮತ್ತೊಂದು ಪ್ರಯೋಗದಲ್ಲಿ, ನೆನಪಾದ ಪದಕ್ಕೆ ಕೆಲವು ಸೆಂಟುಗಳ ಬಹುಮಾನವನ್ನು, ಪ್ರಶ್ನೆಯ ಬಗೆಗೆ ತಕ್ಕಂತೆ ಹೆಚ್ಚುಕಡಿಮೆ ಮಾಡಿ ಒಡ್ಡಿದರು. ಹಣದ ಆಸೆಯಿಂದ ಆಳದ ಕ್ರಮ ಬದಲಾಗಲಿಲ್ಲ. ಕ್ರೇಕ್ ಅವರು ವಾಟ್ಕಿನ್ಸ್ ಎಂಬವರೊಡನೆ ೧೯೭೩ರಲ್ಲಿಯೇ ಇನ್ನೊಂದನ್ನು ತೋರಿಸಿದ್ದರು: ಪದವೊಂದನ್ನು ಮನಸ್ಸಿನಲ್ಲಿ ಸುಮ್ಮನೆ ಹಿಡಿದುಕೊಂಡಿದ್ದರೆ, ಎಷ್ಟು ಹೊತ್ತು ಹಿಡಿದುಕೊಂಡಿದ್ದರೂ, ಆಮೇಲಿನ ನೆನಪಿಗೆ ಅದರಿಂದ ಲಾಭವಾಗುವುದಿಲ್ಲ. ಹೊತ್ತು, ಶ್ರಮ, ಬಹುಮಾನ: ನಾವು ಅಧ್ಯಾಪಕರೂ ಪೋಷಕರೂ ಮಕ್ಕಳ ಮುಂದೆ ಸದಾ ಒಡ್ಡುವ ಮೂರು ಸಾಧನಗಳು ಇವೇ ಅಲ್ಲವೆ?

ಬರಿಯ ಆವೃತ್ತಿಯ ಸತ್ವ ಎಷ್ಟೆಂಬುದಕ್ಕೆ ನಮ್ಮ ಜೇಬಿನಲ್ಲಿಯೇ ಸಾಕ್ಷಿ ಇದೆ. ೧೯೭೯ರಲ್ಲಿ ನಿಕರ್‌ಸನ್ ಮತ್ತು ಆಡಮ್ಸ್ ಎಂಬವರು ಅಮೆರಿಕನ್ನರಿಗೆ ತಮ್ಮ ಒಂದು ಸೆಂಟಿನ ನಾಣ್ಯವನ್ನು ನೆನಪಿನಿಂದ ಬರೆದು ತೋರಿಸಿರೆಂದರು. ಹುಟ್ಟಿದಂದಿನಿಂದ ಸಾವಿರಾರು ಸಲ ಕಂಡಿದ್ದ ನಾಣ್ಯ. ಲಿಂಕನ್ನನ ಮುಖ ಯಾವ ಕಡೆಗೆ ತಿರುಗಿದೆ, ಯಾವ ಬರಹ ಎಲ್ಲಿದೆ ಎಂಬುದರಲ್ಲಿ ಬಹುಮಂದಿ ತಡವರಿಸಿದರು. ವಾಚಕರು ನಗುವ ಮುನ್ನ ಇದಕ್ಕೆ ಉತ್ತರ ಹೇಳಲಿ: ಹಂಪೆಯ ಕಲ್ಲಿನ ರಥ ನಮ್ಮ ಯಾವ ನೋಟಿನ ಹಿಂಬದಿಯಲ್ಲಿದೆ? ೨೦೧೭ರಿಂದ ಚಲಾವಣೆಗೆ ಬಂದ ಐವತ್ತು ರೂಪಾಯಿಯ ನೋಟು ಅದು. ಅಂಗಡಿಯಲ್ಲಿ ನಾವು ನೋಟಿನ ಬಣ್ಣವನ್ನೂ ಅಂಕೆಯನ್ನೂ ನೋಡುತ್ತೇವೆ, ಅಷ್ಟು ಸಾಕು. ಚಿತ್ರದೊಡನೆ ನಮಗೆ ವ್ಯವಹಾರವಿಲ್ಲ. ಹಂಪೆಗೆ ಹೋಗಿಬಂದ ಹುಡುಗಿಯೊಬ್ಬಳು ಮಾತ್ರ ತರಗತಿಯಲ್ಲಿ ತಟ್ಟನೆ ಉತ್ತರ ಹೇಳಿದಳೆಂಬುದನ್ನೂ ಇಲ್ಲಿ ಬರೆಯಬೇಕು. ಅವಳಿಗೆ ಆ ಚಿತ್ರ ತಾನು ನಿಂತಿದ್ದ ಸ್ಥಳ.

ಈ ಪ್ರಯೋಗವನ್ನು ಮನೆಯಲ್ಲಿಯೇ ಮಾಡಿನೋಡಬಹುದು. ಇಪ್ಪತ್ತನಾಲ್ಕು ಸಾಮಾನ್ಯ ಪದಗಳನ್ನು ರಟ್ಟಿನ ಚೀಟಿಗಳ ಮೇಲೆ ಬರೆದುಕೊಳ್ಳಬೇಕು. ಕನ್ನಡದಲ್ಲಿ ದೊಡ್ಡಕ್ಷರ ಚಿಕ್ಕಕ್ಷರಗಳ ಭೇದವಿಲ್ಲವಾದ್ದರಿಂದ ಎಂಟು ಪದಗಳಿಗೆ "ಇದರಲ್ಲಿ ಒತ್ತಕ್ಷರವಿದೆಯೆ?" ಎಂಬ ಪ್ರಶ್ನೆಯನ್ನು ಇಡಬಹುದು. ಎಂಟಕ್ಕೆ "ಇದು 'ಬಾಳೆ'ಯೊಡನೆ ಪ್ರಾಸವಾಗುವುದೆ?" ಎಂಬಂಥ ಪ್ರಶ್ನೆ. ಉಳಿದ ಎಂಟಕ್ಕೆ "ಅಜ್ಜಿ ಸಂತೆಯಿಂದ ಇದನ್ನು ತಂದಳು ಎಂದರೆ ಸರಿಹೋಗುವುದೆ?" ಎಂಬುದು. ಪ್ರಶ್ನೆಗಳನ್ನು ಕಲಸಿ ಕೇಳಬೇಕು. ಮುಂದೆ ನೆನಪಿನ ಪರೀಕ್ಷೆ ಇದೆಯೆಂಬ ಸುಳಿವನ್ನು ತಮ್ಮನಿಗಾಗಲಿ ತಂಗಿಗಾಗಲಿ ಕೊಡಬಾರದು. ಒಂದು ಎಚ್ಚರಿಕೆ: ಸುಲಭವಾದ ಪದಗಳೆಲ್ಲ ಒಂದೇ ಗುಂಪಿಗೆ ಬಿದ್ದಿದ್ದರೆ ಫಲಿತಾಂಶಕ್ಕೆ ಬೆಲೆಯಿಲ್ಲ. ಆದ್ದರಿಂದ ಮೂವರನ್ನು ಹಿಡಿದು, ಒಬ್ಬೊಬ್ಬರಿಗೂ ಪದಗಳ ಗುಂಪನ್ನು ಬದಲಾಯಿಸುತ್ತ ಬರಬೇಕು. ಹತ್ತು ನಿಮಿಷ ಬೇರೆ ಮಾತಾಡಿ, ಅನಂತರ ನೆನಪಾದುದನ್ನು ಬರೆಯಹೇಳಿ ಎಣಿಸಿದರಾಯಿತು. ಇನ್ನೂ ಒಂದು ಬಗೆಯ ಪ್ರಶ್ನೆಯನ್ನು ಸೇರಿಸಬೇಕೆನ್ನುವವರು ಗುಣವಾಚಕಗಳನ್ನು ಆರಿಸಿಕೊಂಡು "ಇದು ನಿನಗೆ ಒಪ್ಪುವ ಮಾತೆ?" ಎಂದು ಕೇಳಲಿ. ರಾಜರ್ಸ್, ಕೈಪರ್ ಮತ್ತು ಕರ್ಕರ್ ೧೯೭೭ರಲ್ಲಿ ಕಂಡಂತೆ, ತನ್ನನ್ನು ಕುರಿತು ಯೋಚಿಸಿ ಉತ್ತರಿಸಿದ ಪದಗಳು ಎಲ್ಲಕ್ಕಿಂತ ಚೆನ್ನಾಗಿ ನೆನಪಿನಲ್ಲಿ ಉಳಿಯುತ್ತವೆ. ಮನುಷ್ಯನಿಗೆ ತನಗಿಂತ ಆಳವಾದ ವಿಷಯ ಬೇರೊಂದಿಲ್ಲವೆಂದು ತೋರುತ್ತದೆ!

ಈಗ ನಮ್ಮ ಪಾಠದ ಕೋಣೆಗೆ ಬರೋಣ. ವಿಜ್ಞಾನದ ವಿದ್ಯಾರ್ಥಿ ಒಂದು ವರ್ಷದಲ್ಲಿ ಎದುರಿಸಬೇಕಾದ ಹೊಸ ಪದಗಳು ನೂರಾರು. ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ಓದಿ, ಪಿ.ಯು.ಸಿ.ಗೆ ಬಂದೊಡನೆ ಇಂಗ್ಲಿಷಿನಲ್ಲಿ ವಿಜ್ಞಾನ ಕಲಿಯಬೇಕಾದವರ ಪಾಡನ್ನು ನೋಡಿದವರೇ ಬಲ್ಲರು. 'ಇನರ್ಷಿಯ', 'ಮೊಮೆಂಟಮ್', 'ರಿಫ್ರ್ಯಾಕ್ಷನ್' ಎಂಬ ಪದಗಳು ಅವರ ಪಾಲಿಗೆ ಎಬ್ಬಿಂಗ್‌ಹೌಸನ ಉಚ್ಚಾರಗಳೇ. ಸದ್ದು ಇದೆ, ಒಳಗೆ ಏನೂ ಇಲ್ಲ. ಸದ್ದನ್ನು ಹಿಡಿದಿಡಲು ಇರುವ ದಾರಿ ಉರುಹೊಡೆಯುವುದೊಂದೇ. ಅವರು ಉರುಹೊಡೆಯುತ್ತಾರೆ, ನಾವು ಅವರನ್ನು ದಡ್ಡರೆನ್ನುತ್ತೇವೆ.

ಹಾಗೆಂದು ಕನ್ನಡದ ಪಾರಿಭಾಷಿಕ ಪದವನ್ನು ಹಲಗೆಯ ಮೇಲೆ ಬರೆದ ಮಾತ್ರಕ್ಕೆ ಆಳ ದೊರಕುವುದೆಂದು ನಂಬುವವರ ಪೈಕಿ ನಾವಲ್ಲ. ನಮ್ಮ ತರಗತಿಯಲ್ಲಿ ಒಮ್ಮೆ 'ವಕ್ರೀಭವನ' ಎಂದರೇನೆಂದು ಕೇಳಿದಾಗ ಹಿಂದಿನ ಬೆಂಚಿನಿಂದ "ಸೊಟ್ಟಗೆ ಕಟ್ಟಿದ ಮನೆ, ಸಾರ್" ಎಂಬ ಉತ್ತರ ಬಂತು. ಎಲ್ಲರೂ ನಕ್ಕರು. ನಾವು ನಗುವುದನ್ನು ಬಿಟ್ಟು ಯೋಚಿಸಿದೆವು. ಆ ಹುಡುಗ ತಪ್ಪು ಮಾಡಿದ್ದರೂ, ಪದವನ್ನು ಒಡೆದು ಒಳಗೆ ಇಣುಕಿದ್ದವನು ತರಗತಿಯಲ್ಲಿ ಅವನೊಬ್ಬನೇ. ಇಲ್ಲಿ 'ಭವನ' ಎಂದರೆ ಮನೆಯಲ್ಲ, ಆಗುವಿಕೆ. ವಕ್ರವಲ್ಲದ್ದು ವಕ್ರವಾಗುವುದು ವಕ್ರೀಭವನ ಎಂದು ಬಿಡಿಸಿ, ನೀರಿನ ಲೋಟದಲ್ಲಿ ಪೆನ್ಸಿಲನ್ನು ಅದ್ದಿ ತೋರಿಸಿದೆವು. ಇಂಗ್ಲಿಷ್ ಪದದ ಮೂಲದಲ್ಲಿಯೂ ಮುರಿಯುವುದೆಂಬ ಅರ್ಥದ ಲ್ಯಾಟಿನ್ ಧಾತು ಇದೆಯೆಂದೆವು. ಆ ವರ್ಷ ಆ ಪದವನ್ನು ಮರೆತವರು ನಮ್ಮ ಗಮನಕ್ಕೆ ಬರಲಿಲ್ಲ. ಇದೇ ಬಗೆಯಲ್ಲಿ ನೋಡಿದರೆ 'ಇನರ್ಷಿಯ' ಎಂಬುದರ ಮೂಲವಾದ ಲ್ಯಾಟಿನ್ ಪದಕ್ಕೆ ಸೋಮಾರಿ, ನಿಷ್ಕ್ರಿಯ ಎಂಬ ಅರ್ಥವಿದೆ. ಅದನ್ನು ಭೌತವಿಜ್ಞಾನಕ್ಕೆ ತಂದವನು ಕೆಪ್ಲರ್. ನಮ್ಮ 'ಜಡ' ಎಂಬುದೂ ಅದನ್ನೇ ಹೇಳುತ್ತದೆ. ಕುಳಿತವನು ಏಳಲೊಲ್ಲ, ಆದರೆ ಓಡುತ್ತಿರುವವನು ನಿಲ್ಲಲೊಲ್ಲನೆಂಬುದೂ ಅದೇ ಜಡತ್ವವೆಂದಾಗ ಹುಡುಗರಿಗೆ ಆಶ್ಚರ್ಯವಾಗುತ್ತದೆ. ಆ ಆಶ್ಚರ್ಯದಲ್ಲಿ ಪದ ಒಳಗಿಳಿಯುತ್ತದೆ, ಬಸ್ಸಿನ ಪ್ರಶ್ನೆಗೆ ಉತ್ತರವೂ ದೊರೆಯುತ್ತದೆ. ಇದಕ್ಕೆ ಬೇಕಾಗುವುದು ಐದು ನಿಮಿಷ.

ವೈಶೇಷಿಕ ದರ್ಶನದ ಪ್ರಶಸ್ತಪಾದನು ಸ್ಮೃತಿಗೆ ಕಾರಣವಾದ ಸಂಸ್ಕಾರ ಮೂರು ಬಗೆಯ ಅನುಭವಗಳಿಂದ ಹುಟ್ಟುವುದೆಂದಿದ್ದಾನೆ: ಪಟುವಾದುದು, ಅಭ್ಯಾಸದಿಂದ ಬಂದುದು, ಆದರದಿಂದ ಕೂಡಿದುದು. ಅವನು ಪ್ರಯೋಗ ಮಾಡಿದ್ದನೆಂದು ನಾವು ಹೇಳುವುದಿಲ್ಲ, ಪಶ್ಚಿಮದವರ ಶೋಧವೆಲ್ಲ ನಮ್ಮಲ್ಲಿ ಮೊದಲೇ ಇತ್ತೆಂಬ ವಾದವೂ ನಮಗೆ ರುಚಿಸದು. ಆದರೆ ಮೂರರಲ್ಲಿ ಅಭ್ಯಾಸವೊಂದನ್ನೇ ಉಳಿಸಿಕೊಂಡು ಮಿಕ್ಕೆರಡನ್ನು ಕೈಬಿಟ್ಟವರು ನಾವೇ ಎಂಬುದು ಗಮನಿಸತಕ್ಕದ್ದು.

ಕ್ರೇಕ್ ಮತ್ತು ಲಾಕ್‌ಹಾರ್ಟರ ವಾದದಲ್ಲಿ ಕೊರತೆ ಇಲ್ಲವೆಂದಲ್ಲ. ಉಷ್ಣತೆಗೆ ಉಷ್ಣಮಾಪಕವಿದೆ, ಈ 'ಆಳ'ಕ್ಕೆ ಮಾಪಕವೆಲ್ಲಿ? ಹೆಚ್ಚು ನೆನಪಾಯಿತು, ಆದ್ದರಿಂದ ಆಳವಾಗಿತ್ತು. ಆಳವಾಗಿತ್ತು, ಆದ್ದರಿಂದ ನೆನಪಾಯಿತು ಎಂದರೆ ಗಾಣದೆತ್ತಿನಂತೆ ಸುತ್ತಿದಂತಾಗುತ್ತದೆ. ಬ್ರಿಟನ್ನಿನ ಆಲನ್ ಬ್ಯಾಡ್ಲಿ ೧೯೭೮ರಲ್ಲಿ ಇಂಥ ಆಕ್ಷೇಪಗಳನ್ನು ಬಲವಾಗಿ ಮುಂದಿಟ್ಟರು, ಅದು ನ್ಯಾಯವಾದ ಆಕ್ಷೇಪ. ೧೯೯೪ರಲ್ಲಿ ಟೊರಾಂಟೊದ ಸಂಶೋಧಕರು ಮಿದುಳಿನ ರಕ್ತಸಂಚಾರವನ್ನು ಚಿತ್ರಿಸುವ ಯಂತ್ರವನ್ನು ಬಳಸಿ, ಪದದಲ್ಲಿ ಒಂದು ಅಕ್ಷರವನ್ನು ಹುಡುಕುವಾಗಿಗಿಂತ ಅದು ಸಜೀವವೋ ನಿರ್ಜೀವವೋ ಎಂದು ಯೋಚಿಸುವಾಗ ಎಡಭಾಗದ ಮುಂಮಿದುಳಿನ ಒಂದು ಪ್ರದೇಶ ಹೆಚ್ಚು ಚಟುವಟಿಕೆ ತೋರುವುದೆಂದು ಕಂಡರು. ಅದು ಮಾಪಕವಲ್ಲದಿದ್ದರೂ ಒಂದು ಸುಳಿವು.

ಇದಕ್ಕಿಂತ ಮುಖ್ಯವಾದ ತಿದ್ದುಪಡಿ ಬಂದುದು ೧೯೭೭ರಲ್ಲಿ, ಮಾರಿಸ್, ಬ್ರಾನ್ಸ್‌ಫರ್ಡ್ ಮತ್ತು ಫ್ರಾಂಕ್ಸ್ ಎಂಬವರಿಂದ. ಅವರು ಕೊನೆಯ ಪರೀಕ್ಷೆಯನ್ನೇ ಬದಲಾಯಿಸಿದರು. ಹಿಂದೆ ಕಂಡ ಪದಗಳನ್ನು ಗುರುತಿಸಿರೆನ್ನುವುದರ ಬದಲು, ಅವುಗಳೊಡನೆ ಪ್ರಾಸವಾಗುವ ಪದಗಳನ್ನು ಗುರುತಿಸಿರೆಂದರು. ಆಗ ಅರ್ಥ ಯೋಚಿಸಿದ್ದವರಿಗಿಂತ ಪ್ರಾಸ ಯೋಚಿಸಿದ್ದವರೇ ಗೆದ್ದರು. ಅಂದರೆ, ಯಾವ ಬಗೆಯ ಪರೀಕ್ಷೆಯೋ ಆ ಬಗೆಯ ಕಲಿಕೆಗೆ ಗೆಲವು. ಕಂಠಪಾಠವನ್ನು ಹೀಗಳೆಯುವವರು ಇದನ್ನು ನೆನಪಿಡಬೇಕು. ವೇದಪಾಠಿಗೆ ಸ್ವರ ತಪ್ಪಬಾರದು. ಅಲ್ಲಿ ಸದ್ದೇ ಗುರಿ, ಸದ್ದಿನ ಅಭ್ಯಾಸವೇ ತಕ್ಕದ್ದು. "ಏಳೆಂಟ್ಲ ಐವತ್ತಾರು" ಎಂಬ ಮಗ್ಗಿಯನ್ನು ಬಾಲಕ ಯೋಚಿಸದೆ ಹೇಳಬೇಕೆಂಬುದೇ ನಮ್ಮ ಅಪೇಕ್ಷೆ. ಆದರೆ ಜಡತ್ವದ ವ್ಯಾಖ್ಯೆ ಮಗ್ಗಿಯೇನು?

ಮಗ್ಗಿಯಲ್ಲವೆಂದು ನಾವೆಲ್ಲರೂ ಒಪ್ಪುತ್ತೇವೆ, ಪ್ರಶ್ನಪತ್ರಿಕೆಯನ್ನು ಬರೆಯುವಾಗ ಮಾತ್ರ ಮರೆಯುತ್ತೇವೆ. 'ವ್ಯಾಖ್ಯಾನಿಸಿ', 'ನಿಯಮವನ್ನು ನಿರೂಪಿಸಿ' ಎಂಬ ಪ್ರಶ್ನೆಗಳು ಕೇಳುವುದು ಸದ್ದನ್ನು. ಸದ್ದನ್ನು ಕೇಳುವ ಪರೀಕ್ಷೆಗೆ ಸದ್ದನ್ನು ಸಿದ್ಧಪಡಿಸಿಕೊಂಡು ಬರುವ ವಿದ್ಯಾರ್ಥಿ ದಡ್ಡನಲ್ಲ, ವ್ಯವಹಾರಸ್ಥ. ನಮ್ಮ ಕೋಪ ಬೇರೆಡೆಗೆ ತಿರುಗಿತೆಂದು ಮೊದಲಲ್ಲಿ ಹೇಳಿದೆವಷ್ಟೆ. ಅದು ತಿರುಗಿದುದು ನಮ್ಮ ಕಡೆಗೇ.

ಕೆಲಸಕ್ಕೆ ಸೇರಿದ ಮೊದಲ ವರ್ಷಗಳಲ್ಲಿ ನಾವು ನೋಟ್ಸನ್ನು ಅಲ್ಪವಿರಾಮ ಪೂರ್ಣವಿರಾಮ ಸಹಿತವಾಗಿ ಬರೆಯಿಸುತ್ತಿದ್ದೆವು. ಒಂದು ಕಿರುಪರೀಕ್ಷೆಯಲ್ಲಿ ವಿದ್ಯಾರ್ಥಿಯೊಬ್ಬ ನ್ಯೂಟನ್ನನ ಮೂರನೆಯ ನಿಯಮವನ್ನು, ದೋಣಿಯಿಂದ ದಡಕ್ಕೆ ನೆಗೆಯುವವನು ದೋಣಿಯನ್ನು ಹಿಂದಕ್ಕೆ ತಳ್ಳುವ ರೀತಿಯಿಂದ ವಿವರಿಸಿ, ತನ್ನದೇ ಮಾತಿನಲ್ಲಿ ಬರೆದಿದ್ದ. ನಾವು ಅರ್ಧ ಅಂಕ ಕೊಟ್ಟೆವು. ಅವನು ಪತ್ರಿಕೆ ಹಿಡಿದು ಬಂದು, "ಅರ್ಥ ತಪ್ಪಾಗಿದೆಯೆ, ಸಾರ್?" ಎಂದು ವಿನಯದಿಂದ ಕೇಳಿದ. "ಅರ್ಥ ಸರಿಯಾಗಿದೆಯಪ್ಪ, ಪುಸ್ತಕದಲ್ಲಿರುವಂತೆ ಬರೆಯಬೇಕು" ಎಂದು ಕಳುಹಿಸಿದೆವು. ಮುಂದಿನ ಪರೀಕ್ಷೆಯಲ್ಲಿ ಅವನು ಎಲ್ಲವನ್ನೂ ಪುಸ್ತಕದಲ್ಲಿರುವಂತೆಯೇ ಬರೆದ. ದೋಣಿ ಮತ್ತೆ ಬರಲಿಲ್ಲ. ನಾವು ಪೂರ್ಣ ಅಂಕ ಕೊಟ್ಟು, ಹುಡುಗ ಸುಧಾರಿಸಿದನೆಂದು ಸಹೋದ್ಯೋಗಿಗಳೊಡನೆ ಹೇಳಿಕೊಂಡೆವು.

ವಾರ್ಷಿಕ ಪರೀಕ್ಷೆಯ ಪ್ರಶ್ನೆಗಳು ನಮ್ಮ ಕೈಯಲ್ಲಿಲ್ಲ. ಕಿರುಪರೀಕ್ಷೆಗಳು ಇವೆ. ಈಚೆಗೆ ಅವುಗಳಲ್ಲಿ ವ್ಯಾಖ್ಯೆಯನ್ನು ನಾವೇ ಮೇಲೆ ಅಚ್ಚುಮಾಡಿ ಕೊಟ್ಟು, ಕೆಳಗೆ ಬಸ್ಸನ್ನೋ ದೋಣಿಯನ್ನೋ ಇಡುತ್ತೇವೆ. ಪುಸ್ತಕದಲ್ಲಿಲ್ಲದ ಒಂದು ಉದಾಹರಣೆಯನ್ನು ವಿದ್ಯಾರ್ಥಿ ತಾನಾಗಿ ಕೊಟ್ಟರೆ ಒಂದು ಅಂಕ ಹೆಚ್ಚು. ಮೊದಲ ಸಲ ತರಗತಿಯ ಅರ್ಧಕ್ಕಿಂತ ಹೆಚ್ಚು ಮಂದಿ ಆ ಜಾಗವನ್ನು ಖಾಲಿ ಬಿಟ್ಟರು, ಒಬ್ಬ ಪೋಷಕರು ಬಂದು ನೋಟ್ಸು ಏಕೆ ಕೊಡುವುದಿಲ್ಲವೆಂದು ಕೇಳಿದರು. ಪಾಠಗಳು ಹಿಂದೆ ಬೀಳುತ್ತವೆ ಎಂಬ ಸಹೋದ್ಯೋಗಿಗಳ ಮಾತು ನಿಜ. ಪದವನ್ನು ಬಿಡಿಸುತ್ತ ಕೂತರೆ ಗಂಟೆ ಬೇಗ ಹೊಡೆಯುತ್ತದೆ. ಈ ವರ್ಷ ಉಷ್ಣದ ಅಧ್ಯಾಯವನ್ನು ಮುಗಿಸಲು ಎರಡು ಭಾನುವಾರ ಹೆಚ್ಚಿನ ತರಗತಿ ಇಟ್ಟುಕೊಳ್ಳಬೇಕಾಯಿತು. ಜಡತ್ವದ ಹುಡುಗ ಎರಡು ದಿನವೂ ಬಂದಿದ್ದ, ಕೈಯಲ್ಲಿ ಒಂದು ಥರ್ಮಾಸ್ ಫ್ಲಾಸ್ಕ್ ಹಿಡಿದುಕೊಂಡು: ಒಳಗಿನ ಗಾಜಿಗೆ ಬೆಳ್ಳಿಬಣ್ಣ ಏಕೆಂದು ಅವನಿಗೆ ತಿಳಿಯಬೇಕಾಗಿತ್ತು.